ಹಳೆಯ ಕ್ಯಾಮೆರಾ, ಹೊಸ ಕೈ

(ಸಂಘದ ವಾರ್ಷಿಕೋತ್ಸವದ ಎರಡನೆಯ ದಿನದ ಸಭೆಯಲ್ಲಿ ಮಾಡಿದ ಭಾಷಣ)



ಕಾಸರಗೋಡಿನ ಈ ನಮ್ಮ ಸಂಘದ ವೇದಿಕೆಯಿಂದ ವರ್ಷವರ್ಷವೂ ಕಾವ್ಯ, ಇತಿಹಾಸ, ಯಕ್ಷಗಾನ ಮೊದಲಾದ ಘನವಾದ ವಿಷಯಗಳನ್ನು ಕುರಿತು ವಿದ್ವಾಂಸರು ಮಾತನಾಡುತ್ತ ಬಂದಿದ್ದಾರೆ. ಅವರು ನಿಂತ ಎಡೆಯಲ್ಲಿ ಇಂದು ನಾನು ನಿಂತು, ಹಳೆಯ ಡಿಜಿಟಲ್ ಕ್ಯಾಮೆರಾವನ್ನು ಕೊಳ್ಳುವ ಬಗೆ ಎಂಬ ತೀರ ಲೌಕಿಕವಾದ ವಿಷಯವನ್ನು ಎತ್ತಿಕೊಂಡಿರುವುದನ್ನು ಕಂಡು ತಮ್ಮಲ್ಲಿ ಕೆಲವರಿಗೆ ನಗು ಬಂದಿದ್ದರೆ ಅದರಲ್ಲಿ ತಪ್ಪೇನೂ ಇಲ್ಲ. ಕಾರ್ಯದರ್ಶಿಗಳು ಮನೆಗೆ ಬಂದು, “ಮಾಷ್ಟ್ರೇ, ಹುಡುಗರು ನಿಮ್ಮಲ್ಲಿಗೆ ಬಂದು ಏನು ಕೇಳುತ್ತಾರೋ ಅದನ್ನೇ ಸಭೆಯಲ್ಲಿ ಹೇಳಿಬಿಡಿ” ಎಂದರು. ನಾನು ನಿವೃತ್ತನಾದ ಮೇಲೆ ಹುಡುಗರು ನನ್ನ ಬಳಿಗೆ ಲೆಕ್ಕ ಕೇಳಲು ಬರುವುದು ನಿಂತುಹೋಗಿದೆ. ‘ಕ್ಯಾಮೆರಾ ತೆಗೆದುಕೊಳ್ಳಬೇಕೆಂದಿದ್ದೇನೆ, ಯಾವುದನ್ನು ತೆಗೆದುಕೊಳ್ಳಲಿ?’ ಎಂದು ಕೇಳಲು ಮಾತ್ರ ಬರುತ್ತಾರೆ. ಆದುದರಿಂದ ಕಾರ್ಯದರ್ಶಿಗಳ ಅಪ್ಪಣೆಯನ್ನು ಶಿರಸಾ ವಹಿಸಿದ್ದೇನೆ.

ನಾನು ಛಾಯಾಗ್ರಾಹಕನಲ್ಲವೆಂಬುದನ್ನು ಮೊದಲಿಗೇ ಅರಿಕೆ ಮಾಡಿಕೊಳ್ಳಬೇಕು. ಕುಂಬಳೆ ಸೀಮೆಯ ಒಂದು ಕನ್ನಡ ಶಾಲೆಯಲ್ಲಿ 32 ವರ್ಷ ಗಣಿತವನ್ನೂ ವಿಜ್ಞಾನವನ್ನೂ ಕಲಿಸಿದವನು. ಈ ವಿಷಯದಲ್ಲಿ ನನಗೆ ಮಾತನಾಡುವ ಅರ್ಹತೆ ಏನಾದರೂ ಇದ್ದರೆ ಅದು ಒಂದು ನಷ್ಟದಿಂದ ಬಂದದ್ದು. ಆ ಕಥೆಯನ್ನು ಮೊದಲು ಹೇಳಿ ಮುಂದುವರಿಯುತ್ತೇನೆ.

2013ರಲ್ಲಿ ನಾನು ಒಂದೂವರೆ ತಿಂಗಳ ಸಂಬಳವನ್ನು ಒಟ್ಟಿಗೆ ಕೊಟ್ಟು ಹೊಚ್ಚಹೊಸ ಕ್ಯಾಮೆರಾವೊಂದನ್ನು ಕೊಂಡೆ. ಅಂಗಡಿಯಾತ ಅದರ ಗುಣಗಳನ್ನು ಸಹಸ್ರನಾಮದಂತೆ ಹೇಳಿದ; ನಾನು ಭಕ್ತಿಯಿಂದ ಕೇಳಿದೆ. ಮನೆಗೆ ತಂದು, ಚರ್ಮದ ಚೀಲದೊಳಗೆ ಭದ್ರವಾಗಿಟ್ಟು, ಬಟ್ಟೆಯ ಕಪಾಟಿನ ಮೇಲಣ ಅರೆಯಲ್ಲಿ ಇರಿಸಿದೆ. ದೀಪಾವಳಿಗೊಮ್ಮೆ ಹೊರತೆಗೆದದ್ದು, ಮಗಳ ಮದುವೆಗೊಮ್ಮೆ ಹೊರತೆಗೆದದ್ದು. ಬೆಲೆಬಾಳುವ ವಸ್ತು, ಮಕ್ಕಳ ಕೈಗೆ ಸಿಕ್ಕರೆ ಕೆಟ್ಟೀತೆಂಬ ಭಯ. ಹೀಗೆ ಮೂರು ಮಳೆಗಾಲಗಳು ಅದರ ಮೇಲೆ ಸರಿದುಹೋದವು.

2016ರಲ್ಲಿ ನಮ್ಮ ಶಾಲೆಯ ಹಂಚಿನ ಮಾಡಿನ ಹಳೆಯ ಸಭಾಂಗಣವನ್ನು ಕೆಡವಬೇಕಾಯಿತು. ಗೋಡೆ ಬಿರಿದಿತ್ತು, ಮಕ್ಕಳ ಸುರಕ್ಷಿತತೆಯ ಪ್ರಶ್ನೆ, ಕೆಡವಿದ್ದು ನ್ಯಾಯವೇ. ಆ ಸಭಾಂಗಣದ ನಡುವಣ ಅಡ್ಡತೊಲೆಯಲ್ಲಿ ಅದನ್ನು ನಿಲ್ಲಿಸಿದ ಬಡಗಿಯ ಹೆಸರೂ ಇಸವಿಯೂ ಕನ್ನಡ ಅಕ್ಷರಗಳಲ್ಲಿ ಕೆತ್ತಲ್ಪಟ್ಟಿದ್ದುವು. ಹಿಂದಿನ ದಿನ ಸಂಜೆ ನಾನು ಕ್ಯಾಮೆರಾವನ್ನು ಹಿಡಿದುಕೊಂಡು ಹೋದೆ. ಒಳಗೆ ಅರೆಗತ್ತಲೆ. ಗುಂಡಿಯನ್ನೊತ್ತಿದರೆ ಸಾಕು, ಮಿಕ್ಕದ್ದನ್ನು ಯಂತ್ರವೇ ನೋಡಿಕೊಳ್ಳುತ್ತದೆಂದು ನಂಬಿದ್ದವನು ನಾನು. ಇಪ್ಪತ್ತು ಚಿತ್ರಗಳನ್ನು ತೆಗೆದು ಸಮಾಧಾನದಿಂದ ಮನೆಗೆ ಬಂದೆ. ರಾತ್ರಿ ನೋಡಿದಾಗ ಎಲ್ಲ ಚಿತ್ರಗಳೂ ಮಂಜಿನೊಳಗಿಂದ ಕಂಡಂತೆ ಮಸುಕಾಗಿದ್ದುವು. ಮಸೂರವನ್ನು ದೀಪಕ್ಕೆ ಹಿಡಿದರೆ ಒಳಗಿನ ಗಾಜಿನ ಮೇಲೆ ಜೇಡನ ಬಲೆಯಂತೆ ಬೂಷ್ಟು ಹಬ್ಬಿತ್ತು. ಸಾಲದುದಕ್ಕೆ ಕತ್ತಲೆಯಲ್ಲಿ ಕೈ ಅಲುಗಿತ್ತು. ಮರುದಿನ ಬೆಳಗ್ಗೆ ನಾನು ಹೋಗುವಷ್ಟರಲ್ಲಿ ತೊಲೆ ಕೆಳಗಿಳಿದು ಲಾರಿಯೇರಿ ಹೋಗಿತ್ತು.

ಆ ಚಿತ್ರದಲ್ಲಿ ಇಸವಿಯ ಮೊದಲೆರಡು ಅಂಕಿಗಳನ್ನೂ ಕೊನೆಯ ಅಂಕಿಯನ್ನೂ ಓದಬಹುದು. ಮೂರನೆಯ ಅಂಕಿ ಮಾತ್ರ ೨ ಎಂದರೆ ೨, ೩ ಎಂದರೆ ೩. ಅಂದು ಕೆಲವರು ಫೋನಿನಲ್ಲಿ ತೆಗೆದಿದ್ದರು. ಫೋನುಗಳು ಬದಲಾದಂತೆ ಆ ಚಿತ್ರಗಳೂ ಕಾಣೆಯಾದುವು. ಹೀಗಾಗಿ ಸಭಾಂಗಣವು 1927ರದೋ 1937ರದೋ ಎಂಬುದು ಇಂದಿಗೂ ಇತ್ಯರ್ಥವಾಗಿಲ್ಲ. ಹತ್ತು ವರ್ಷಗಳ ಈ ಅನಿಶ್ಚಯಕ್ಕೆ ಕಾರಣನಾದವನು ತಮ್ಮ ಮುಂದೆ ನಿಂತಿದ್ದಾನೆ. ನನ್ನ ಕ್ಯಾಮೆರಾ ಹೊಸದಾಗಿತ್ತು, ಕೈ ಪಳಗಿರಲಿಲ್ಲ. ಇಂದಿನ ನನ್ನ ಮಾತಿನ ಸಾರವಷ್ಟೂ ಇದರಲ್ಲೇ ಇದೆ: ಹೊಸಬನು ಹಳೆಯ ಯಂತ್ರವನ್ನು ಪರೀಕ್ಷಿಸಿ ಅಗ್ಗದಲ್ಲಿ ಕೊಳ್ಳಲಿ, ಉಳಿದ ಹಣವನ್ನು ಒಳ್ಳೆಯ ಮಸೂರಕ್ಕೆ ಹಾಕಲಿ, ಕೊಂಡದ್ದನ್ನು ವಾರಕ್ಕೊಮ್ಮೆಯಾದರೂ ಬಳಸಲಿ.

ಇನ್ನು ಈ ಯಂತ್ರವೆಂಬುದು ಏನೆಂದು ನೋಡೋಣ. ಡಿಎಸ್‌ಎಲ್‌ಆರ್ ಎಂದು ನಮ್ಮ ಮಕ್ಕಳು ಕರೆಯುವ ಕ್ಯಾಮೆರಾದಲ್ಲಿ ಮಸೂರದ ಹಿಂದೆ ಓರೆಯಾಗಿ ನಿಂತ ಒಂದು ಕನ್ನಡಿಯಿದೆ. ಮಸೂರದಿಂದ ಒಳಬಂದ ಬೆಳಕನ್ನು ಅದು ಮೇಲಕ್ಕೆ ಕಳುಹಿಸುತ್ತದೆ; ಅಲ್ಲಿಂದ ಗಾಜಿನ ಪಟ್ಟಕದ ಅಥವಾ ಚಿಕ್ಕ ಕನ್ನಡಿಗಳ ಮೂಲಕ ಹಾಯ್ದು ನಮ್ಮ ಕಣ್ಣನ್ನು ಸೇರುತ್ತದೆ. ಗುಂಡಿಯನ್ನೊತ್ತಿದಾಗ ಕನ್ನಡಿ ಮೇಲಕ್ಕೆದ್ದು, ಷಟರಿನ ಪರದೆ ತೆರೆದು, ಬೆಳಕು ಹಿಂದಿನ ಸಂವೇದಕದ ಮೇಲೆ ಬೀಳುತ್ತದೆ. ಹಿಂದೆ ಫಿಲ್ಮು ಇದ್ದ ಸ್ಥಾನದಲ್ಲಿ ಈಗ ಸಂವೇದಕವಿದೆಯೆಂಬುದೊಂದೇ ದೊಡ್ಡ ವ್ಯತ್ಯಾಸ. ಇಂತಹ ಸಂವೇದಕಗಳ ಮೂಲವಾದ ಸಿಸಿಡಿಯನ್ನು ಅಮೆರಿಕದ ಬೆಲ್ ಪ್ರಯೋಗಶಾಲೆಯಲ್ಲಿ 1969ರಲ್ಲಿ ಕಂಡುಹಿಡಿದ ವಿಲ್ಲರ್ಡ್ ಬಾಯ್ಲ್ ಮತ್ತು ಜಾರ್ಜ್ ಸ್ಮಿತ್ ಎಂಬವರಿಗೆ 2009ರ ಭೌತಶಾಸ್ತ್ರದ ನೊಬೆಲ್ ಬಹುಮಾನದಲ್ಲಿ ಪಾಲು ದೊರೆಯಿತು. 1975ರಲ್ಲಿ ಕೊಡಾಕ್ ಸಂಸ್ಥೆಯ ಸ್ಟೀವನ್ ಸ್ಯಾಸನ್ ರಚಿಸಿದ ಮೊದಲ ಡಿಜಿಟಲ್ ಕ್ಯಾಮೆರಾ ಒಂದು ಚಿತ್ರವನ್ನು ಕ್ಯಾಸೆಟ್ಟಿನ ಮೇಲೆ ಬರೆಯಲು 23 ಸೆಕೆಂಡು ತೆಗೆದುಕೊಳ್ಳುತ್ತಿತ್ತು. 2003ರಲ್ಲಿ ಬಂದ ಕ್ಯಾನನ್ 300ಡಿ, 2004ರ ನಿಕಾನ್ ಡಿ70 ಇವುಗಳಿಂದ ಈ ಜಾತಿಯ ಕ್ಯಾಮೆರಾ ಸಾಮಾನ್ಯ ಹವ್ಯಾಸಿಯ ಕೈಗೂ ಎಟುಕಿತು.

ಇಂತಹ ಯಂತ್ರಗಳು ಇಂದು ಅಗ್ಗವಾಗಿರುವುದಕ್ಕೆ ಕಾರಣವಿದೆ. 2018ರಲ್ಲಿ ಕ್ಯಾನನ್, ನಿಕಾನ್ ಎರಡೂ ದೊಡ್ಡ ಸಂವೇದಕದ ಕನ್ನಡಿರಹಿತ ಕ್ಯಾಮೆರಾಗಳನ್ನು ಹೊರತಂದು, ಹೊಸ ರಚನೆಗಳಲ್ಲಿ ಆ ದಾರಿಯನ್ನೇ ಹಿಡಿದುವು. ವೃತ್ತಿಯವರು ತಮ್ಮ ಹಳೆಯ ಕ್ಯಾಮೆರಾಗಳನ್ನು ಮಾರಿ ಹೊಸದಕ್ಕೆ ಹೋದರು. ಜರಿಯ ಸೀರೆಯ ಮಾದರಿ ಹಳತಾದರೆ ಜರಿ ಕೆಟ್ಟಿತೆಂದು ಅರ್ಥವಲ್ಲವಷ್ಟೆ? ಅಂತೆಯೇ ಇದು. ಪೇಟೆಯಲ್ಲಿ ಬೆಲೆ ಇಳಿದಿದೆ. ಬೆಳಕನ್ನು ಹಿಡಿಯುವ ಶಕ್ತಿ ಇಳಿದಿಲ್ಲ.

ಆದರೆ ಹಳೆಯದರಲ್ಲಿ ಪಿಕ್ಸೆಲ್ ಕಡಿಮೆಯಲ್ಲವೇ ಎಂದು ಹುಡುಗರು ಕೇಳುತ್ತಾರೆ. ಲೆಕ್ಕದ ಮೇಷ್ಟ್ರಾದುದರಿಂದ ಇದಕ್ಕೆ ಲೆಕ್ಕದಲ್ಲಿಯೇ ಉತ್ತರ ಕೊಡುತ್ತೇನೆ. 2006ರಲ್ಲಿ ಬಂದ ನಿಕಾನ್ ಡಿ40 ಎಂಬ ಚಿಕ್ಕ ಕ್ಯಾಮೆರಾದ ಚಿತ್ರ ಉದ್ದಕ್ಕೆ 3008, ಅಗಲಕ್ಕೆ 2000 ಬಿಂದುಗಳುಳ್ಳದ್ದು; ಎಂದರೆ ಸುಮಾರು 60 ಲಕ್ಷ. ಒಳ್ಳೆಯ ಮುದ್ರಣಕ್ಕೆ ಅಂಗುಲಕ್ಕೆ 300 ಬಿಂದುಗಳೆಂದು ಎಣಿಸಿದರೆ ಅದು 10 ಅಂಗುಲ ಉದ್ದ, ಆರೂಮುಕ್ಕಾಲು ಅಂಗುಲಕ್ಕೆ ತುಸು ಕಡಿಮೆ ಅಗಲ ಬರುತ್ತದೆ. ತಮ್ಮ ಕೈಯಲ್ಲಿರುವ ನಮ್ಮ ಸ್ಮರಣ ಸಂಚಿಕೆಯ ಅರ್ಧ ಪುಟಕ್ಕೆ ಇಷ್ಟು ಧಾರಾಳ. 2012ರ ನಿಕಾನ್ ಡಿ3200ರಲ್ಲಿ ಬಿಂದುಗಳು 2 ಕೋಟಿ 40 ಲಕ್ಷ. ನಾಲ್ಕು ಪಟ್ಟು ಹೆಚ್ಚೆಂದು ಕೇಳಿದಾಗ ಚಿತ್ರವೂ ನಾಲ್ಕು ಪಟ್ಟು ಉದ್ದವಾಗುವುದೆಂದು ಭ್ರಮೆ ಹುಟ್ಟುತ್ತದೆ. ಅಳತೆ 6016ಕ್ಕೆ 4000. ಉದ್ದದಲ್ಲಿ ಎರಡೇ ಪಟ್ಟು, ಅಗಲದಲ್ಲಿಯೂ ಎರಡೇ ಪಟ್ಟು. ನಡುವೆ, 2008ರಲ್ಲಿ ಬಂದ ನಿಕಾನ್ ಡಿ90, ಕ್ಯಾನನ್ 450ಡಿ ಇವುಗಳಲ್ಲಿ 1 ಕೋಟಿ 20 ಲಕ್ಷಕ್ಕೂ ಮೇಲ್ಪಟ್ಟು ಬಿಂದುಗಳಿವೆ. ಇಡೀ ಪುಟ ತುಂಬುವ ಚಿತ್ರಕ್ಕೆ ಇದು ಸಾಕು, ಗೋಡೆಗೆ ತೂಗುಹಾಕುವ ಚಿತ್ರಕ್ಕೂ ಸಾಕು.

ಎಲ್ಲರ ಜೇಬಿನಲ್ಲಿಯೂ ಫೋನಿರುವಾಗ ಈ ಭಾರವೇಕೆ ಎಂಬ ಇನ್ನೊಂದು ಪ್ರಶ್ನೆಯಿದೆ. ಇದು ಒಪ್ಪತಕ್ಕ ಪ್ರಶ್ನೆ. ತೆಗೆದೊಡನೆ ನೆಂಟರಿಗೆ ಕಳುಹಿಸಬೇಕೆಂಬವರು, ಮುಖ್ಯವಾಗಿ ಚಲಿಸುವ ಚಿತ್ರ ಬೇಕೆಂಬವರು ಹಳೆಯ ಕ್ಯಾಮೆರಾಕ್ಕೆ ಹಣ ಹಾಕದಿರುವುದೇ ಮೇಲು. ಡಿ90 ಚಲಿಸುವ ಚಿತ್ರ ತೆಗೆಯಬಲ್ಲ ಮೊದಲ ಡಿಎಸ್‌ಎಲ್‌ಆರ್ ಆದರೂ ಆ ಕೆಲಸದಲ್ಲಿ ಇಂದಿನ ಫೋನು ಅದಕ್ಕಿಂತ ಮುಂದಿದೆ. ಆದರೆ ಕಲಿಯಬೇಕೆಂಬವನಿಗೆ ಫೋನು ಒಳ್ಳೆಯ ಗುರುವಲ್ಲ. ಎಲ್ಲ ಲೆಕ್ಕವನ್ನೂ ತಾನೇ ಮಾಡಿ ಉತ್ತರವನ್ನಷ್ಟೇ ಕೊಡುತ್ತದೆ. ಡಿಎಸ್‌ಎಲ್‌ಆರ್ ಲೆಕ್ಕವನ್ನು ನಮ್ಮಿಂದ ಮಾಡಿಸುತ್ತದೆ. ಜೊತೆಗೆ, ಸುಮಾರು 24 ಮಿಲಿಮೀಟರ್ ಉದ್ದ, 16 ಮಿಲಿಮೀಟರ್ ಅಗಲದ ಅದರ ಸಂವೇದಕವು ಸಾಮಾನ್ಯ ಫೋನಿನದಕ್ಕಿಂತ ಅನೇಕ ಪಟ್ಟು ದೊಡ್ಡದು. ಮಸೂರವನ್ನು ಕೆಲಸಕ್ಕೆ ತಕ್ಕಂತೆ ಬದಲಾಯಿಸಬಹುದು.

ಈಗ ಕೊಳ್ಳುವ ವಿಷಯಕ್ಕೆ ಬರೋಣ. 2023ರಲ್ಲಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬನು ಮನೆಗೆ ಬಂದನು. ಕಾಲೇಜು ಓದುತ್ತಲೇ ರಜೆಯಲ್ಲಿ ಅಡಿಕೆ ಸುಲಿಯುವ ಕೆಲಸಕ್ಕೆ ಹೋಗಿ 18,000 ರೂಪಾಯಿ ಕೂಡಿಸಿದ್ದನು. ಮಿಕ್ಕದ್ದನ್ನು ಕಂತಿನಲ್ಲಿ ಕಟ್ಟಿ ಹೊಸ ಕ್ಯಾಮೆರಾ ಕೊಡಿಸಲು ತಂದೆ ಒಪ್ಪಿದ್ದರು. “ಹೊಸತೇ ಒಳ್ಳೆಯದಲ್ವಾ ಮಾಷ್ಟ್ರೇ? ಹಳತು ಕೆಟ್ಟರೆ ಯಾರನ್ನು ಕೇಳುವುದು?” ಎಂದನು. ನಾನು ನನ್ನ ಮಸುಕಾದ ಚಿತ್ರವನ್ನು ತೋರಿಸಿದೆ. ಅನಂತರ ಇಬ್ಬರೂ ಕೂಡಿ ಮಂಗಳೂರಿನ ರೈಲು ಹತ್ತಿದೆವು.

ದಾರಿಯಲ್ಲಿ ಅವನಿಗೆ ಮೊದಲು ಹೇಳಿದ್ದು ಮಸೂರಗಳ ವಿಷಯ. ಕ್ಯಾಮೆರಾದ ಪೆಟ್ಟಿಗೆ ಹಳತಾಗಿ ಬದಲಾಗುತ್ತದೆ, ಮಸೂರ ಉಳಿಯುತ್ತದೆ. ಕ್ಯಾನನ್ನಿನವರು 1987ರಿಂದ ಮಾಡುತ್ತ ಬಂದ ಈಎಫ್ ಎಂಬ ಸ್ವಯಂ ಫೋಕಸ್ ಮಸೂರಗಳಲ್ಲಿ ಫೋಕಸ್ ತಿರುಗಿಸುವ ಮೋಟಾರು ಮಸೂರದೊಳಗೇ ಇದೆ. ಆದುದರಿಂದ ಅವರ ಯಾವ ಡಿಎಸ್‌ಎಲ್‌ಆರ್‌ಗೂ ಅವು ಹೊಂದುತ್ತವೆ. ನಿಕಾನಿನಲ್ಲಿ ಎಚ್ಚರ ಬೇಕು. ಡಿ40, ಡಿ60, ಡಿ3000, ಡಿ3100, ಡಿ5100 ಮುಂತಾದ ಚಿಕ್ಕ ಕ್ಯಾಮೆರಾಗಳ ಪೆಟ್ಟಿಗೆಯಲ್ಲಿ ಮೋಟಾರು ಇಲ್ಲ. ಅವುಗಳಿಗೆ ಹಳೆಯ ಎಎಫ್ ಮಸೂರ ಹಾಕಿದರೆ ಫೋಕಸನ್ನು ಕೈಯಿಂದಲೇ ತಿರುಗಿಸಬೇಕು. ಡಿ50, ಡಿ70, ಡಿ80, ಡಿ90, ಡಿ7000 ಇವುಗಳಲ್ಲಿ ಮೋಟಾರು ಇದೆ. ಅಗ್ಗದ ಹಳೆಯ ಮಸೂರಗಳಿಂದ ಕೆಲಸ ನಡೆಸಬೇಕೆಂಬವನು ಈ ಎರಡನೆಯ ಸಾಲಿನಿಂದ ಆರಿಸಬೇಕು. 1977ಕ್ಕಿಂತ ಹಿಂದಿನ ನಿಕಾನ್ ಮಸೂರ ಅಟ್ಟದಲ್ಲಿ ಸಿಕ್ಕಿದರೆ ಬಲ್ಲವರನ್ನು ಕೇಳದೆ ಸಿಕ್ಕಿಸಬಾರದು. ಕೆಲವು ಕ್ಯಾಮೆರಾಗಳಿಗೆ ಅದರಿಂದ ಪೆಟ್ಟಾಗುತ್ತದೆ.

ಅಂಗಡಿಯಲ್ಲಿ ನಮ್ಮ ಮುಂದೆ ಎರಡು ಡಿ90 ಕ್ಯಾಮೆರಾಗಳನ್ನಿಟ್ಟರು. ಒಂದು ಮದುಮಗನಂತೆ ಹೊಳೆಯುತ್ತಿತ್ತು. ಇನ್ನೊಂದರ ಹಿಡಿಯ ರಬ್ಬರು ಸವೆದು, ಮೂಲೆಗಳ ಬಣ್ಣ ಹೋಗಿ, ದುಡಿದ ಕೂಲಿಯಾಳಿನಂತೆ ಕಾಣುತ್ತಿತ್ತು. ಹುಡುಗನ ಕೈ ಹೊಳೆಯುವುದರ ಕಡೆಗೆ ಹೋಯಿತು. ನಾನು ಜೇಬಿನಿಂದ ಟಾರ್ಚು, ಖಾಲಿ ಮೆಮೊರಿ ಕಾರ್ಡು ಇವೆರಡನ್ನು ತೆಗೆದೆ. ಹಳೆಯ ಕ್ಯಾಮೆರಾ ಕೊಳ್ಳಲು ಹೋಗುವವನು ಹಣವನ್ನು ಮರೆತರೂ ಇವೆರಡನ್ನು ಮರೆಯಬಾರದು.

ಮೊದಲು ಮಸೂರವನ್ನು ಕಳಚಿ, ಅದರ ರಂಧ್ರವನ್ನು ಪೂರ್ತಿ ತೆರೆದು, ಹಿಂದಿನಿಂದ ಟಾರ್ಚು ಬಿಟ್ಟು ನೋಡಬೇಕು. ಒಂದೆರಡು ಧೂಳಿನ ಕಣಗಳಿಂದ ಬಾಧಕವಿಲ್ಲ. ಬೇರುಬಿಟ್ಟಂತೆ ಕವಲೊಡೆದ ಬಿಳಿಯ ಎಳೆಗಳು ಕಂಡರೆ ಅದು ಬೂಷ್ಟು. ಎಷ್ಟು ಅಗ್ಗವಾದರೂ ಬೇಡ. ರಂಧ್ರದ ಎಲೆಗಳ ಮೇಲೆ ಎಣ್ಣೆಯ ಪಸೆ ಇರಬಾರದು. ಅನಂತರ ಬ್ಯಾಟರಿಯ ಗೂಡಿನಲ್ಲಿ ಹಸಿರು ತುಕ್ಕು ಇದೆಯೇ ಎಂದು ನೋಡಬೇಕು. ನಮ್ಮ ಕಾರ್ಡನ್ನು ಹಾಕಿ, ರಂಧ್ರವನ್ನು 16ರ ಅಂಕಕ್ಕೆ ಕಿರಿದು ಮಾಡಿ, ಫೋಕಸನ್ನು ಬೇಕೆಂದೇ ತಪ್ಪಿಸಿ, ಬಿಳಿಯ ಗೋಡೆಯ ಚಿತ್ರ ತೆಗೆಯಬೇಕು. ಸಂವೇದಕದ ಮೇಲಿನ ಧೂಳು ಕಪ್ಪು ಚುಕ್ಕೆಗಳಾಗಿ ಕಾಣುತ್ತದೆ. ಧೂಳಾದರೆ ಶುದ್ಧಮಾಡಿಸಬಹುದು, ಗೀರಾದರೆ ಸಾಧ್ಯವಿಲ್ಲ. ಷಟರನ್ನು ನಿಧಾನದಿಂದ ಹಿಡಿದು ಅತಿ ವೇಗದವರೆಗೆ ಬೇರೆಬೇರೆ ಅಂಕಗಳಲ್ಲಿ ಹೊಡೆದು ನೋಡಬೇಕು. ಚಿತ್ರದ ಒಂದು ಅಂಚಿಗೆ ಕಪ್ಪು ಪಟ್ಟಿ ಬಂದರೆ ಷಟರು ದಣಿದಿದೆಯೆಂದು ತಿಳಿಯಬೇಕು. ಒಂದು ವೃತ್ತಪತ್ರಿಕೆಯನ್ನು ಓರೆಯಾಗಿರಿಸಿ ಒಂದು ಸಾಲಿಗೆ ಫೋಕಸ್ ಮಾಡಿ ತೆಗೆದು, ಆ ಸಾಲೇ ಸ್ಪಷ್ಟವಾಗಿದೆಯೇ ಎಂದು ದೊಡ್ಡದಾಗಿ ನೋಡಬೇಕು. ಎಲ್ಲ ಗುಂಡಿಗಳನ್ನೂ ಒತ್ತಬೇಕು, ಫ್ಲಾಷನ್ನೂ ಹೊಡೆಯಬೇಕು. ಅಂಗಡಿಯವರು ಬೇಸರಪಟ್ಟುಕೊಂಡರೆ ಪಟ್ಟುಕೊಳ್ಳಲಿ.

ಇದುವರೆಗೆ ಎಷ್ಟು ಸಲ ಷಟರು ಹೊಡೆದಿದೆಯೆಂಬ ಎಣಿಕೆ ನಿಕಾನಿನ ಚಿತ್ರದ ಕಡತದೊಳಗೇ ದಾಖಲಾಗಿರುತ್ತದೆ; ಕಂಪ್ಯೂಟರಿನಲ್ಲಿ ಓದಬಹುದು. ಕ್ಯಾನನ್ನಿನಲ್ಲಿ ಬಹುಪಾಲು ಬೇರೆ ಉಪಾಯದಿಂದ ತಿಳಿಯಬೇಕಾಗುತ್ತದೆ. ಡಿ90ರ ಷಟರನ್ನು ತಯಾರಕರು 1 ಲಕ್ಷ ಸಲ ಹೊಡೆಸಿ ಪರೀಕ್ಷಿಸಿದ್ದಾರೆ, ಡಿ7000ರದನ್ನು ಒಂದೂವರೆ ಲಕ್ಷ ಸಲ. ಇದು ಆಯುಷ್ಯದ ಭರವಸೆಯಲ್ಲ, ಒಂದು ಅಂದಾಜು ಮಾತ್ರ. ನಮ್ಮ ಮುಂದಿದ್ದ ಹೊಳೆಯುವ ಕ್ಯಾಮೆರಾ ಹೊಡೆದದ್ದು 9,000 ಸಲ. ಸವೆದದ್ದು 41,000 ಸಲ. ಹುಡುಗನ ಮುಖ ಅರಳಿತು. ಆದರೆ ಹೊಳೆಯುವುದರ ಮಸೂರದಲ್ಲಿ ಟಾರ್ಚು ಬಿಟ್ಟಾಗ ನನಗೆ ಚಿರಪರಿಚಿತವಾದ ಬಿಳಿಯ ಎಳೆಗಳು ಕಂಡುವು. ನೋಟದ ಕಿಂಡಿಯೊಳಗೂ ಅದೇ ಎಳೆ. ಅದರ ಗಡಿಯಾರ ತಾರೀಖನ್ನು ಮರೆತು ಮಿಣುಕುತ್ತಿತ್ತು. ಕ್ಯಾಮೆರಾದ ಒಳಗೆ ಗಡಿಯಾರಕ್ಕೆಂದೇ ಒಂದು ಸಣ್ಣ ಬ್ಯಾಟರಿಯಿದ್ದು, ದೊಡ್ಡ ಬ್ಯಾಟರಿಯಿಂದ ಅದು ಶಕ್ತಿ ಪಡೆಯುತ್ತದೆ. ಬಹುಕಾಲ ಬಳಸದಿದ್ದರೆ ಬರಿದಾಗಿ ತಾರೀಖು ಅಳಿದುಹೋಗುತ್ತದೆ. ಎಂದರೆ ಆ ಕ್ಯಾಮೆರಾ ವರ್ಷಗಟ್ಟಲೆ ಯಾರದೋ ಕಪಾಟಿನಲ್ಲಿ ಮಲಗಿತ್ತು. ನನ್ನದರ ಒಡಹುಟ್ಟನ್ನೇ ಕಂಡಂತಾಯಿತು. ಸವೆದ ಕ್ಯಾಮೆರಾ ಮದುವೆಗಳ ಚಿತ್ರ ತೆಗೆಯುವವರೊಬ್ಬರದು. ಪರೀಕ್ಷೆಗಳಲ್ಲಿ ಒಂದರಲ್ಲಿಯೂ ಅದು ಸೋಲಲಿಲ್ಲ. ಅದನ್ನೇ ಕೊಂಡೆವು.

ಖರ್ಚಿನ ವಿವರ ಹೀಗಿದೆ. 18ರಿಂದ 55 ಮಿಲಿಮೀಟರಿನ ಸಾಮಾನ್ಯ ಮಸೂರದ ಸಮೇತ ಕ್ಯಾಮೆರಾಕ್ಕೆ 11,500 ರೂಪಾಯಿ. ರಂಧ್ರವನ್ನು 1.8ರವರೆಗೆ ತೆರೆಯಬಹುದಾದ 50 ಮಿಲಿಮೀಟರಿನ ಹಳೆಯ ಮಸೂರಕ್ಕೆ 4,000. ಉಳಿದುದರಲ್ಲಿ ಎರಡು ಕಾರ್ಡು, ಒಂದು ಹೆಚ್ಚಿನ ಬ್ಯಾಟರಿ, ಗಾಳಿಯಾಡದ ಒಂದು ಡಬ್ಬಿ. ಕಾರ್ಡು ಕೊಳ್ಳುವಾಗಲೂ ವಿಚಾರಿಸಬೇಕು: ಹಳೆಯ ಕೆಲವು ಕ್ಯಾಮೆರಾಗಳು ಕಾಂಪ್ಯಾಕ್ಟ್ ಫ್ಲಾಷ್ ಎಂಬ ದಪ್ಪ ಕಾರ್ಡನ್ನೇ ಕೇಳುತ್ತವೆ, ಎಸ್‌ಡಿ ಕಾರ್ಡು ಹಾಕುವವುಗಳಲ್ಲಿಯೂ ಅನೇಕವು 32 ಜಿಬಿಗಿಂತ ದೊಡ್ಡದನ್ನು ಓದಲಾರವು. ರಸೀದಿಯಲ್ಲಿ ಕ್ಯಾಮೆರಾದ ಕ್ರಮಸಂಖ್ಯೆಯನ್ನು ಬರೆಯಿಸಿಕೊಳ್ಳುವುದು ಅವಶ್ಯ. ಕದ್ದ ಮಾಲು ನಮ್ಮ ಮನೆಗೆ ಬರಬಾರದು. ತಂದೆಗೆ ಸಾಲದ ಕಂತು ತಪ್ಪಿತು.

ಎರಡನೆಯ ಮಸೂರವೇಕೆಂದು ಯಾರಾದರೂ ಕೇಳಬಹುದು. ಮೊದಲನೆಯ ಮಸೂರವನ್ನು 55ರ ತುದಿಗೆ ಎಳೆದಾಗ ಅದರ ರಂಧ್ರ 5.6ರ ಅಂಕಕ್ಕಿಂತ ಹೆಚ್ಚು ತೆರೆಯದು. 5.6ನ್ನು 1.8ರಿಂದ ಭಾಗಿಸಿ ವರ್ಗ ಮಾಡಿದರೆ ಸುಮಾರು ಒಂಬತ್ತೂಮುಕ್ಕಾಲು ಬರುತ್ತದೆ. ಎಂದರೆ ಎರಡನೆಯ ಮಸೂರದಿಂದ ಹೆಚ್ಚುಕಡಿಮೆ ಹತ್ತು ಪಟ್ಟು ಬೆಳಕು ಒಳಬರುತ್ತದೆ. ಅರೆಗತ್ತಲೆಯಲ್ಲಿ ಸೆಕೆಂಡಿನ ಹತ್ತನೆಯ ಒಂದು ಭಾಗ ತೆರೆದಿರಬೇಕಾದ ಷಟರು ಸುಮಾರು ನೂರನೆಯ ಒಂದು ಭಾಗಕ್ಕೆ ಮುಚ್ಚಬಹುದು. ಹತ್ತನೆಯ ಒಂದು ಭಾಗದಲ್ಲಿ ಕೈ ಅಲುಗದವರು ವಿರಳ. ನೂರನೆಯ ಒಂದು ಭಾಗದಲ್ಲಿ ಬಹುಮಟ್ಟಿಗೆ ಯಾರ ಕೈಯೂ ತೊಂದರೆ ಕೊಡದು. ಆ ಸಂಜೆ ಸಭಾಂಗಣದಲ್ಲಿ ನನಗೆ ಬೇಕಾಗಿದ್ದುದು 4,000 ರೂಪಾಯಿಯ ಈ ಗಾಜು ಮತ್ತು ಐದು ನಿಮಿಷದ ಈ ಲೆಕ್ಕ.

ಹಳೆಯ ಸಂವೇದಕದ ಮಿತಿಯನ್ನೂ ಮರೆಮಾಚಬಾರದು. ಬೆಳಕು ಕಡಿಮೆಯಾದಾಗ ಸಂವೇದನೆಯ ಅಂಕವನ್ನು, ಅಂದರೆ ಐಎಸ್‌ಒವನ್ನು ಏರಿಸಬೇಕಾಗುತ್ತದೆ. ಡಿ90ರಲ್ಲಿ ಅದನ್ನು 1600ರ ಮೇಲಕ್ಕೆ ಏರಿಸಿದರೆ ಚಿತ್ರದಲ್ಲಿ ಮರಳು ಎರಚಿದಂತೆ ಕಾಳುಕಾಳು ಕಾಣತೊಡಗುತ್ತದೆ. ಇಂದಿನ ಕ್ಯಾಮೆರಾ ಇದಕ್ಕಿಂತ ಬಹಳ ಮೇಲು. ಬಯಲಾಟದ ರಾತ್ರಿ ಪ್ರವೇಶದ ಕುಣಿತವನ್ನು ಹಿಡಿಯಬೇಕೆಂದರೆ ಹಳೆಯ ಕ್ಯಾಮೆರಾ ಬೆವರುತ್ತದೆ. ಆದರೆ ಚೌಕಿಯಲ್ಲಿ ಕುಳಿತು ಬಣ್ಣ ಹಚ್ಚಿಕೊಳ್ಳುತ್ತಿರುವ ವೇಷಧಾರಿಯನ್ನು ದೀಪದ ಬೆಳಕಿನಲ್ಲೇ ತೆಗೆಯಬಹುದು. ಎಲ್ಲಿ ಸೋಲುತ್ತದೆ, ಎಲ್ಲಿ ಗೆಲ್ಲುತ್ತದೆ ಎಂದು ತನ್ನ ಉಪಕರಣವನ್ನು ಅರಿತಿರುವುದೇ ಕಲೆಯ ಮೊದಲ ಪಾಠ.

ಕೊಂಡ ಮೇಲಣ ರಕ್ಷಣೆಯ ಬಗೆಗೆ ನಮ್ಮ ಸೀಮೆಯವರು ವಿಶೇಷವಾಗಿ ಎಚ್ಚರವಹಿಸಬೇಕು. ವರ್ಷಕ್ಕೆ 3000 ಮಿಲಿಮೀಟರಿಗೂ ಮಿಕ್ಕ ಮಳೆ ಬೀಳುವ ನೆಲ ನಮ್ಮದು. ಆಟಿ ತಿಂಗಳಲ್ಲಿ ಚಪ್ಪಲಿಗೆ ಬೂಷ್ಟು ಹಿಡಿಯುವುದಾದರೆ ಮಸೂರಕ್ಕೆ ಹಿಡಿಯದಿರುತ್ತದೆಯೇ? ಚರ್ಮದ ಚೀಲವೂ ಬಟ್ಟೆಯ ಕಪಾಟೂ ತೇವದ ಮನೆಗಳು, ಅಲ್ಲಿಡಬೇಡಿ. ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಬಣ್ಣ ಬದಲಿಸುವ ಸಿಲಿಕಾ ಜೆಲ್ ಕಾಳುಗಳ ಜೊತೆಗಿಡಿ. ಕಾಳುಗಳ ಬಣ್ಣ ಬದಲಾದರೆ ತೇವ ತುಂಬಿತೆಂದು ಅರ್ಥ; ಹದವಾಗಿ ಬಿಸಿಮಾಡಿ ಮತ್ತೆ ಬಳಸಬಹುದು. ಅಕ್ಕಿಯ ಡಬ್ಬಿಯಲ್ಲಿಡುವ ಪದ್ಧತಿ ಕೆಲವರಲ್ಲಿದೆ. ಅಕ್ಕಿಯ ಹಿಟ್ಟು ಕ್ಯಾಮೆರಾದ ಸಂದುಗಳಿಗೆ ಹೋಗುವುದರಿಂದ ಅದು ಬೇಡ. ಇವೆಲ್ಲಕ್ಕಿಂತ ದೊಡ್ಡ ಔಷಧವೆಂದರೆ ವಾರಕ್ಕೊಮ್ಮೆ ಹೊರಗೆ ತೆಗೆದು ಗಾಳಿ ಬೆಳಕು ತೋರಿಸಿ ಬಳಸುವುದು. ಬಳಸುವ ಬಾವಿಯ ನೀರು ಕೆಡುವುದಿಲ್ಲ.

ಆ ಹುಡುಗನು ಈಗ ಎರಡು ವರ್ಷಗಳಿಗೂ ಮಿಕ್ಕಿ ಆ ಸವೆದ ಕ್ಯಾಮೆರಾವನ್ನು ಹೊತ್ತು ತಿರುಗುತ್ತಿದ್ದಾನೆ. ಮುರಕಲ್ಲಿನ ಗುಡ್ಡಗಳಲ್ಲಿ ಹಿರಿಯರು ಕೊರೆದ ಸುರಂಗಗಳ ಬಾಯಿಗಳನ್ನೂ, ಅವುಗಳಿಂದ ನೀರು ಹರಿದುಬರುವ ಹಾಳೆಯ ಹರಣಿಗಳನ್ನೂ ತೆಗೆದಿದ್ದಾನೆ. ಕೆಡವಲಿರುವ ಹಂಚಿನ ಮನೆಗಳ ಸುದ್ದಿ ಕೇಳಿದರೆ ಸೈಕಲ್ಲಿನಲ್ಲಿ ಓಡುತ್ತಾನೆ. ಕಳೆದ ವರ್ಷ ಅಂತಹ ಒಂದು ಮನೆಯ ಬಾಗಿಲ ದಾರಂದದಲ್ಲಿ ನಮ್ಮ ಸಭಾಂಗಣವನ್ನು ಮಾಡಿದ ಬಡಗಿಯ ಹೆಸರೇ ಕಂಡಿತು. ಕೆಳಗೆ ೧೯೩೨ ಎಂಬ ಇಸವಿ. ಹುಡುಗನು ಬಾಗಿಲ ಮರೆಯ ಕತ್ತಲೆಯಲ್ಲಿ, ಕೈಯೂರಿ ನಿಂತು, ಆ 50 ಮಿಲಿಮೀಟರಿನ ಮಸೂರದಿಂದ ತೆಗೆದ ಚಿತ್ರದಲ್ಲಿ ಉಳಿಯ ಒಂದೊಂದು ಏಟೂ ಕಾಣುತ್ತದೆ. ಒಂದೇ ಕೈ ಕೆತ್ತಿದ ೩ ಮತ್ತು ೨ ಅಕ್ಕಪಕ್ಕದಲ್ಲಿವೆ. ೩ರ ನಡುವೆ ಬಡಗಿ ಒಂದು ಆಳವಾದ ಬಾಗು ಕೊಟ್ಟಿದ್ದಾನೆ; ೨ರಲ್ಲಿ ಅದಿಲ್ಲ.

ನಾವಿಬ್ಬರೂ ಅಂದು ರಾತ್ರಿ ನನ್ನ ಹಳೆಯ ಚಿತ್ರವನ್ನು ಅದರ ಪಕ್ಕದಲ್ಲಿಟ್ಟು ಬಹಳ ಹೊತ್ತು ನೋಡಿದೆವು. ಆ ಬಾಗು ಇರಬೇಕಾದ ಎಡೆಯಲ್ಲಿಯೇ ಬೂಷ್ಟಿನ ಮಬ್ಬು ಕವಿದಿದೆ. ಹುಡುಗನು, “ಇರಲಿ ಮಾಷ್ಟ್ರೇ, ಬೇರೆ ಎಲ್ಲಾದರೂ ಸಿಕ್ಕೀತು” ಎಂದನು. ಸಿಕ್ಕಬಹುದು, ಸಿಕ್ಕದಿರಲೂಬಹುದು. ಈ ಸಂಚಿಕೆಯಲ್ಲಿ ಆ ಸಭಾಂಗಣದ ವಿಷಯ ಬಂದಲ್ಲಿ ‘1927 ಅಥವಾ 1937’ ಎಂದು ಅಚ್ಚಾಗಲಿದೆ. ಆ ‘ಅಥವಾ’ ನನ್ನದು.

ಕೊನೆಯದಾಗಿ ಎರಡು ಮಾತು ಬೇಡಿಕೊಂಡು ಮುಗಿಸುತ್ತೇನೆ. ಕ್ಯಾಮೆರಾ ಕೊಂಡ ದಿನವೇ ಅದರ ತಾರೀಖನ್ನು ಸರಿಪಡಿಸಿ. ತಪ್ಪು ತಾರೀಖಿನ ಚಿತ್ರ ತಪ್ಪು ಸಾಕ್ಷಿ ಹೇಳುತ್ತದೆ. ತೆಗೆದ ಚಿತ್ರಕ್ಕೆ ಅದರಲ್ಲಿರುವವರ ಹೆಸರನ್ನೂ ಊರನ್ನೂ ಕನ್ನಡದಲ್ಲಿ ಬರೆದಿಟ್ಟು, ಒಂದಕ್ಕಿಂತ ಹೆಚ್ಚು ಕಡೆ ಪ್ರತಿ ಇರಿಸಿ. ಚಿತ್ರವನ್ನು ಯಾವ ಭಾಷೆಯವನೂ ನೋಡಬಲ್ಲನು. ಅದರಲ್ಲಿರುವ ಅಜ್ಜಿಯ ಹೆಸರು ಏನೆಂದು ಹೇಳಬಲ್ಲವರು ನಾವು ಮಾತ್ರ, ಅದೂ ನಾವು ಇರುವಷ್ಟು ಕಾಲ.

ತಮ್ಮ ಮನೆಯ ಮಗನೋ ಮಗಳೋ ಕ್ಯಾಮೆರಾ ಬೇಕೆಂದು ಕೇಳಿದರೆ ದುಂದೆಂದು ಗದರಿಸಬೇಡಿ, ಸಾಲಮಾಡಿ ಹೊಸದನ್ನೂ ಕೊಡಿಸಬೇಡಿ. ಹಳೆಯದೊಂದನ್ನು ಹುಡುಕಿರಿ. ಟಾರ್ಚು ನನ್ನಲ್ಲಿದೆ, ಕರೆದರೆ ಬರುತ್ತೇನೆ.